ಗಂಗವ್ವನವರ ಬಾಗಿಲ ಉಬ್ಬು ಮತ್ತು ಮೂರು ಸೆಡಾನುಗಳು

ಕಾರು ಮಾರುವ ಉದ್ಯೋಗಕ್ಕೆ ಸೇರಬೇಕೆಂದಿರುವ ಯುವಕ ಯುವತಿಯರು ಮೊಟ್ಟಮೊದಲು ಟೈ ಕಟ್ಟಿಕೊಳ್ಳುವುದನ್ನು ಕಲಿಯತಕ್ಕದ್ದು. ಕಾರಿನ ವಿಷಯವನ್ನು ಆಮೇಲೆ ಕಲಿತರೂ ನಡೆಯುತ್ತದೆ. ಕಲಿಯದೇ ಹೋದರೂ ನಡೆಯುತ್ತದೆ ಎಂಬುದಕ್ಕೆ ನನ್ನ ಮೇಲಧಿಕಾರಿಗಳಾಗಿ ಬಂದುಹೋದ ಹಲವು ಮಹನೀಯರೇ ನಿದರ್ಶನ. ಶಿಗ್ಗಾಂವದ ಹೆದ್ದಾರಿಯ ಬದಿಯಲ್ಲಿ, ಮೂರು ಕಡೆ ಗಾಜು, ನಾಲ್ಕನೆಯ ಕಡೆ ಮಾಲೀಕರ ಕುಲದೇವರ ಫೋಟೋ ಇದ್ದ ಮಳಿಗೆಯೊಂದರಲ್ಲಿ ನಿವೃತ್ತನಾಗುವವರೆಗೂ ನಾನು ಕಾರು ಮಾರಿದೆ. ಬೇಸಿಗೆಯಲ್ಲಿ ಆ ಗಾಜಿನ ಮನೆಯೊಳಗೆ ಕಾರುಗಳು ಹೊಳೆಯುತ್ತಿದ್ದವು, ನಾವು ಬೇಯುತ್ತಿದ್ದೆವು. ಆದರೂ ಟೈ ಸಡಿಲಿಸುವಂತಿರಲಿಲ್ಲ. ಮೆಣಸಿನಕಾಯಿ ಮಾರಿ ಬಂದ ರೈತರು ನಮ್ಮ ಕುತ್ತಿಗೆ ನೋಡಿ ಮರುಗಿ, ಗಿರಾಕಿಗೆಂದು ಇಟ್ಟ ನೀರನ್ನು ನಮಗೇ ಕೊಟ್ಟದ್ದುಂಟು.

ನಾನು ಹಾನಗಲ್ಲಿನವನು. ತಂದೆಯವರು ಕಾಳುಕಡಿಯ ಅಡತಿ ಅಂಗಡಿಗಳಲ್ಲಿ ಚೀಲ ಹೊರುತ್ತಿದ್ದರು. ನಮ್ಮ ಮನೆತನದಲ್ಲಿ ಬಿ.ಎ. ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಆದ್ದರಿಂದ ನನ್ನ ಬಾಯಿಂದ ಒಂದು ತಪ್ಪು ಪದ ಹೊರಬಿದ್ದರೆ ವಿಶ್ವವಿದ್ಯಾಲಯದವರು ಬಂದು ಪದವಿಯನ್ನು ಹಿಂದಕ್ಕೆ ಕೇಳಿಯಾರೆಂಬ ಅಂಜಿಕೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಬಡ್ತಿಗಳ ವಿಚಾರವನ್ನು ಇಲ್ಲಿ ಬರೆಯುವುದಿಲ್ಲ. ಹುದ್ದೆಯ ಹೆಸರು ಹಲವು ಸಲ ಉದ್ದವಾಯಿತು; ಕುರ್ಚಿ ಅದೇ ಇತ್ತು.

ತರಬೇತಿಯಲ್ಲಿ ನಮಗೆ ಕೊಟ್ಟ ಮುಖ್ಯ ಆಯುಧದ ಹೆಸರು ಹೋಲಿಕೆ ಪತ್ರ. ಹಿಂದೆ ಡಿಕ್ಕಿ ಚಾಚಿಕೊಂಡಿರುವ, ತಗ್ಗಾದ, ಉದ್ದನೆಯ ಕಾರಿಗೆ ಸೆಡಾನ್ ಎನ್ನುತ್ತಾರೆ. ಮಧ್ಯಮ ಗಾತ್ರದ ಸೆಡಾನ್ ಕೊಳ್ಳಬಯಸುವವರು ನಮ್ಮ ಭಾಗದಲ್ಲಿ ಮೂರನ್ನು ತೂಗಿ ನೋಡುತ್ತಿದ್ದರು: ನಮ್ಮದು, ಹಾವೇರಿಯ ಮಳಿಗೆಯದು, ಹುಬ್ಬಳ್ಳಿಯ ಮಳಿಗೆಯದು. ಹೋಲಿಕೆ ಪತ್ರದಲ್ಲಿ ಮೂರೂ ಕಾರುಗಳು ಅಕ್ಕಪಕ್ಕ ನಿಂತಿರುತ್ತಿದ್ದವು. ಪ್ರತಿಯೊಂದು ಸಾಲಿನಲ್ಲಿಯೂ ನಮ್ಮದೇ ಗೆಲ್ಲುತ್ತಿತ್ತು. ನಮ್ಮ ಕಾರು ಸೋಲುವ ಸಂಗತಿಗಳಿಗೆ ಅಲ್ಲಿ ಸಾಲೇ ಇರುತ್ತಿರಲಿಲ್ಲವಾದ್ದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಒಂದು ವರ್ಷ ನಮ್ಮ ಹೊಸ ಎಂಜಿನ್ನಿನ ಮೈಲೇಜ್ ಇಳಿಯಿತು. ಆ ವರ್ಷ ಮೈಲೇಜಿನ ಸಾಲು ಪತ್ರದಿಂದ ಮಾಯವಾಗಿ, ಆ ಜಾಗದಲ್ಲಿ ಬಾಗಿಲಿನ ಒಳಬೆಳಕಿಗೆ ಎಷ್ಟು ಬಣ್ಣಗಳಿವೆ ಎಂಬ ಸಾಲು ಬಂದಿತು.

ಗಿರಾಕಿಗಳ ಹೋಲಿಕೆ ಬೇರೆಯೇ ತೆರನಾದುದು. ಒಂದು ಕಾರು ನೋಡಲು ಒಂದು ಟೆಂಪೋ ಮಂದಿ ಬರುತ್ತಿದ್ದರು. ಒಬ್ಬರು ಬಾನೆಟ್ಟಿನ ಮೇಲೆ ಬೆರಳ ಗಂಟಿನಿಂದ ಬಡಿದು ಸದ್ದು ಕೇಳುವರು. ಇನ್ನೊಬ್ಬರು ಬಾಗಿಲನ್ನು ದಢಾರನೆ ಹಾಕಿ ತೆಗೆದು, ಮತ್ತೆ ಹಾಕುವರು. ಡಿಕ್ಕಿಯಲ್ಲಿ ಗೊಬ್ಬರದ ಚೀಲ ಅಡ್ಡ ಹಿಡಿಸುತ್ತದೆಯೋ ಉದ್ದ ಹಿಡಿಸುತ್ತದೆಯೋ ಎಂಬ ಚರ್ಚೆ ಚಹ ಬರುವವರೆಗೂ ನಡೆಯುವುದು. ಕಾರು ಕೊಳ್ಳುವವನು ಮೂಲೆಯಲ್ಲಿ ಸುಮ್ಮನೆ ನಿಂತಿರುತ್ತಿದ್ದ. ಎಲ್ಲರಿಗಿಂತ ಹೆಚ್ಚು ಮಾತಾಡುವವನು ಆತನ ಹೆಂಡತಿಯ ಅಣ್ಣ. ಆತನ ಬಳಿ ಹೆಚ್ಚಾಗಿ ಸೈಕಲ್ ಮೋಟಾರು ಮಾತ್ರ ಇರುತ್ತಿತ್ತು.

ಕಾಲ ಬದಲಾಯಿತು. ಕಾಗದ ಹೋಗಿ ಟ್ಯಾಬ್ ಬಂದಿತು. ದೆಹಲಿಯ ತರುಣನೊಬ್ಬನ ವಿಡಿಯೋ ನೋಡಿ ಬಂದ ಗಿರಾಕಿಗಳು ನನಗೇ ಪಾಠ ಹೇಳತೊಡಗಿದರು. ಕಾರುಗಳೂ ವಿದ್ಯಾವಂತವಾದವು, ಮಾತು ಕೇಳಿ ಕೆಲಸ ಮಾಡುವುದನ್ನು ಕಲಿತವು. ಅಂಥ ಒಂದು ಸೆಡಾನನ್ನು ಸವಣೂರಿನ ವೀಳ್ಯದೆಲೆ ವ್ಯಾಪಾರಿ ಖಾದರಸಾಬರ ಮನೆಗೆ ತೋರಿಸಲು ಒಯ್ದಿದ್ದೆ. ನೆರಳಿರಲೆಂದು ಹುಣಸೆ ಮರದ ಕೆಳಗೆ ನಿಲ್ಲಿಸಿ, ಬಾಯಿಮಾತಿನಿಂದಲೇ ಚಾವಣಿಯ ಗಾಜನ್ನು ತೆರೆಯಿಸಿದೆ. ಮರದ ತುಂಬ ಬೆಳ್ಳಕ್ಕಿಗಳಿದ್ದುದನ್ನು ಗಮನಿಸಿರಲಿಲ್ಲ. ಮೊದಲ ಹನಿ ನನ್ನ ಟೈ ಮೇಲೆಯೇ ಬಿದ್ದಿತು. ಗಾಜು ಮುಚ್ಚೆಂದು ನನ್ನ ಪದವಿಯ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಆಜ್ಞಾಪಿಸಿದೆ. ಕಾರು ಅತ್ಯಂತ ವಿನಯದಿಂದ, ತನಗೆ ಅರ್ಥವಾಗಲಿಲ್ಲವೆಂದು ಇಂಗ್ಲಿಷಿನಲ್ಲಿಯೇ ಉತ್ತರಿಸಿತು. ಮತ್ತೆ ಹೇಳಿದೆ. ಹತ್ತಿರದ ಪೆಟ್ರೋಲ್ ಬಂಕಿನ ದಾರಿ ತೋರಿಸಿತು.

ಖಾದರಸಾಬರು ಟವೆಲನ್ನು ತಲೆಯ ಮೇಲೆ ಹೊದ್ದುಕೊಂಡು, “ಗಾಡಿ ಭಾಳ ಕಲ್ತೈತಿ ಬಿಡ್ರಿ ಸಾಹೇಬ್ರ. ಅದಕ್ಕ ನಮ್ಮಂಥಾರ ಮಾತ ಕೇಳವಲ್ತು,” ಎಂದರು. ಕಾಲೇಜಿಗೆ ಹೋಗುವ ಅವರ ಮಗಳು ಹಿಂದಿನ ಸೀಟಿನಿಂದ ಕೈ ಚಾಚಿ ಗುಂಡಿ ಒತ್ತಿದಳು. ಗಾಜು ಮುಚ್ಚಿತು. ಗುಂಡಿ ಇರುವುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗುಂಡಿ ಮುಟ್ಟಬಾರದು, ಬಾಯಿಂದಲೇ ಹೇಳಿ ತೋರಿಸಬೇಕು ಎಂದು ಮೇಲಿನಿಂದ ಆದೇಶವಿತ್ತು.

ಆದೇಶ ಹೊರಡಿಸಿದವರು ನಮ್ಮ ಪ್ರಾದೇಶಿಕ ವ್ಯವಸ್ಥಾಪಕರಾದ ದೇಶಮುಖ ಸಾಹೇಬರು. ಪುಣೆಯ ತರುಣರು. ನಮ್ಮ ಮಳಿಗೆಗೆ ಸೇರಿದ ನಾಲ್ಕೂ ತಾಲೂಕುಗಳನ್ನು ಅವರು ನಕಾಶೆಯ ಮೇಲೆ ಬೆರಳಾಡಿಸಿ ಬಲ್ಲವರಾಗಿದ್ದರು. ಅವರ ಕಾಲಕ್ಕೆ ಸೆಡಾನಿನ ಗ್ರಹಚಾರ ಕೆಟ್ಟಿತ್ತು. ಎಲ್ಲರಿಗೂ ಎತ್ತರದ ಗಾಡಿಯೇ ಬೇಕು. ಮಳಿಗೆಯ ಹಿಂದೆ ಸೆಡಾನುಗಳು ಧೂಳು ತಿನ್ನುತ್ತಿದ್ದವು. ಅಂಥ ದಿನಗಳಲ್ಲಿ, ಜೊತೆಗೆ ಟೆಂಪೋ ಮಂದಿಯಿಲ್ಲದೆ ಒಬ್ಬರೇ ಬಂದ ಗಿರಾಕಿ ಚನ್ನಬಸಪ್ಪನವರು. ಮಾಸೂರಿನ ಆಚೆಯ ಒಂದು ಸಣ್ಣ ಊರಿನವರು. ಕೆರೆಯ ನೀರಿಗೆ ಭತ್ತ ಬೆಳೆಯುವವರು. ಒಮ್ಮೆ ಪಂಚಾಯ್ತಿ ಸದಸ್ಯರಾಗಿದ್ದವರು.

ನಾನು ರೂಢಿಯಂತೆ ಎತ್ತರದ ಗಾಡಿಯತ್ತ ಕೈ ತೋರಿಸಿದೆ.

“ಅದ ಬ್ಯಾಡ್ರಿ. ತಗ್ಗಿಂದ ತೋರಸ್ರಿ,” ಎಂದರು. “ನಮ್ಮ ಮನ್ಯಾಗಿನಾಕಿಗೆ ಮೊಣಕಾಲ ಮಡಚಂಗಿಲ್ಲ. ಎತ್ತರ ಹತ್ತಾಕ ಆಗಂಗಿಲ್ಲ. ಆಕಿ ತಂಗಿ ಸವಣೂರಾಗ ಅದಾಳ್ರಿ. ಲಕ್ವಾ ಹೊಡದು ಮಾತ ಹೋಗೇತಿ. ಮೊದಲ ಇಬ್ಬರೂ ದಿನಾ ಫೋನಿನ್ಯಾಗ ಮಾತಾಡೋರು. ಈಗ ಫೋನ್ ಹಚ್ಚಿದ್ರ ಈಕಿ ಒಬ್ಬಾಕಿನ ಮಾತಾಡತಾಳ. ಆ ಕಡಿಂದ ಬರೇ ಉಸರ ಕೇಳತೈತಿ. ನೋಡಬೇಕು ಅಂತಾಳ್ರಿ.”

“ಬಾಡಿಗೆ ಗಾಡಿಯಲ್ಲಿ ಕರೆದೊಯ್ಯಬಹುದಿತ್ತಲ್ಲವೇ?” ಎಂದೆ.

“ತಂದಿದ್ವೆಲ್ಲರಿ ಎತ್ತರಂದು. ಮೂರ ಮಂದಿ ಹಿಡದ ಎತ್ತಿ ಕುಂಡ್ರಿಸಬೇಕಾತು. ಓಣಿ ಮಂದೆಲ್ಲಾ ನೋಡಿದ್ರು. ‘ನಾ ಏನ್ ಭತ್ತದ ಚೀಲ ಏನ’ ಅಂತ ಇಳದಾಕಿ ಮತ್ತ ಹತ್ತಲೇ ಇಲ್ಲ. ‘ನಾನ ಹತ್ತಬೇಕು, ನಾನ ಇಳೀಬೇಕು. ಅಂಥಾ ಗಾಡಿ ಇದ್ರ ತರ್ರಿ, ಇಲ್ಲಾಂದ್ರ ತಂಗಿ ಸುದ್ದಿ ಎತ್ತಬ್ಯಾಡ್ರಿ’ ಅಂದಾಳ.”

ನಾನು ಟ್ಯಾಬ್ ತೆರೆದು ಹೋಲಿಕೆ ಪತ್ರವನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಇಳಿಯುವುದರ ಬಗ್ಗೆ ಸಾಲಿರಲಿಲ್ಲ. ಗಿರಾಕಿಯು ಒಮ್ಮೆ ಹತ್ತಿದನೆಂದರೆ ಕಂಪನಿಯ ಕರ್ತವ್ಯ ಮುಗಿಯಿತು.

ಚನ್ನಬಸಪ್ಪನವರು ಅಷ್ಟರಲ್ಲಿ ನೆಲಕ್ಕೆ ಕುಳಿತು, ಕಾರಿನ ಹೊಟ್ಟೆಯ ಕೆಳಗೆ ಗೇಣು ಹಾಕಿ ಅಳೆಯುತ್ತಿದ್ದರು. “ನಮ್ಮ ಹಂಪ್ಸ್ ದಾಟತೈತೇನ್ರಿ ಇದು?”

ನಾನು ಆತ್ಮವಿಶ್ವಾಸದಿಂದ ಮಿಲಿಮೀಟರುಗಳನ್ನು ಓದಿ ಹೇಳಿ, ದಾಟುತ್ತದೆಂದೆ. ಕಾರಿನ ಹೊಟ್ಟೆಯಿಂದ ನೆಲಕ್ಕಿರುವ ಆ ಅಂತರವನ್ನು ಖಾಲಿ ಕಾರಿನಲ್ಲಿ ಅಳೆದಿರುತ್ತಾರೆಂಬುದನ್ನು ಹೊಸಬರು ನೆನಪಿಡತಕ್ಕದ್ದು. ಕಾರಿನಲ್ಲಿ ಮನುಷ್ಯರು ಕೂಡ ಕುಳಿತುಕೊಳ್ಳುತ್ತಾರೆಂಬ ಸಂಗತಿ ಅಳೆಯುವವರ ಗಮನಕ್ಕೆ ಬಂದಂತಿಲ್ಲ.

ಚನ್ನಬಸಪ್ಪನವರ ಮನೆಯ ಮುಂದಿನ ರಸ್ತೆಯ ಉಬ್ಬು ಸಾಮಾನ್ಯವಾದುದಲ್ಲ. ಅವರು ಪಂಚಾಯ್ತಿ ಸದಸ್ಯರಾಗಿದ್ದಾಗ ತಾವೇ ನಿಂತು ಹಾಕಿಸಿದ್ದು. ಸರಕಾರದ ಅಳತೆ ತಮಗೆ ಸಾಲದೆಂದು ಇನ್ನೊಂದು ಪದರ ಏರಿಸಿದ್ದು. ಹೊರಊರಿನವರೊಬ್ಬರು ಯಾರೋ ಸ್ವಾಮಿಗಳ ಸಮಾಧಿಯ ಗದ್ದುಗೆಯೆಂದು ತಿಳಿದು ಅದಕ್ಕೆ ಕೈಮುಗಿದು ಹೋದರೆಂದು ಊರವರು ಈಗಲೂ ಹೇಳುತ್ತಾರೆ. ಓಡಿಸಿ ತೋರಿಸಲೆಂದು ಒಯ್ದ ನಮ್ಮ ಸೆಡಾನ್ ನಾಲ್ಕು ಮಂದಿಯನ್ನು ಹೊತ್ತು ಅದನ್ನು ಏರಿದ ದಿನ ನನಗೆ ಇಂದಿಗೂ ಮರೆಯದು. ಮುಂದಿನ ಗಾಲಿಗಳು ದಾಟಿದವು. ಹಿಂದಿನವು ಇನ್ನೂ ಈಚೆಯೇ ಇದ್ದವು. ನಡುವೆ ಕಾರು ತನ್ನ ಹೊಟ್ಟೆಯನ್ನು ಉಬ್ಬಿನ ಮೇಲೆ ಊರಿ, ಬಾಣಲೆ ಕೆರೆಯುವ ಸದ್ದು ಮಾಡಿತು.

“ಹೊಟ್ಟಿ ಹರದ್ಕೊಂತಲ್ಲೋ!” ಎಂದು ಕಟ್ಟೆಯ ಮೇಲಿದ್ದವರೊಬ್ಬರು ಸಂತೋಷದಿಂದ ಕೂಗಿದರು.

ಹಿಂದಿನ ಸೀಟಿನಲ್ಲಿ ಕಾಲು ಚಾಚುವಷ್ಟು ಜಾಗವಿರಲೆಂದು ನಮ್ಮ ಕಂಪನಿಯವರು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಎಲ್ಲರಿಗಿಂತ ಹೆಚ್ಚು ಅಂತರವಿಟ್ಟಿದ್ದರು. ಹೋಲಿಕೆ ಪತ್ರದ ಮೊದಲ ಸಾಲೇ ಅದು. ಅದೇ ಅಂತರದ ನಡುವೆ ಉಬ್ಬು ಸುಖವಾಗಿ ಕುಳಿತುಕೊಂಡಿತ್ತು. ಓರೆಯಾಗಿ ದಾಟಿಸೋಣವೆಂದರೆ ಓಣಿ ಇಕ್ಕಟ್ಟು, ಪಕ್ಕದಲ್ಲಿ ಗಟಾರು.

ದೇಶಮುಖ ಸಾಹೇಬರಿಗೆ ವರದಿ ಮಾಡಿದೆ. ಗಿರಾಕಿಯನ್ನು ಗೊಟಗೋಡಿಯ ಕಡೆಗಿನ ಹೆದ್ದಾರಿಯ ಮೇಲೆ ಓಡಿಸಬೇಕಿತ್ತು, ಅಲ್ಲಿ ಉಬ್ಬುಗಳಿಲ್ಲವಲ್ಲ ಎಂದು ಅವರು ಕೇಳಿದರು. ಚನ್ನಬಸಪ್ಪನವರ ಮನೆ ಅಲ್ಲಿಲ್ಲವೆಂದು ನಾನು ಸವಿನಯವಾಗಿ ತಿಳಿಸಿದೆ. ಅದು ನಕಾರಾತ್ಮಕ ಮನೋಭಾವವೆಂದು ಅವರು ಬರೆದುಕೊಂಡರು.

ಚನ್ನಬಸಪ್ಪನವರು ಸೋಲುವವರಲ್ಲ. ಸಂತೆಯಲ್ಲಿ ಎತ್ತುಗಳನ್ನು ಸಾಲಾಗಿ ನಿಲ್ಲಿಸಿ ನೋಡುವವರಂತೆ, ಮೂರೂ ಮಳಿಗೆಗಳಿಗೆ ಫೋನ್ ಮಾಡಿ ಒಂದೇ ದಿನ, ಒಂದೇ ಹೊತ್ತಿಗೆ ಕಾರು ತರಿಸಿದರು. ನಮಗೆ ಇದು ತಿಳಿದದ್ದು ಉಬ್ಬಿನ ಈಚೆ ಒಬ್ಬರ ಹಿಂದೆ ಒಬ್ಬರು ಬಂದು ನಿಂತ ಮೇಲೆಯೇ. ಮೂರು ಸೆಡಾನುಗಳು, ಮೂರು ಟೈಗಳು. ಹಾವೇರಿಯವನು ದಾಟಿಸಲು ಹೋಗಿ ಕೆರೆಯಿಸಿಕೊಂಡು ಹಿಂದೆ ಸರಿದ. ಹುಬ್ಬಳ್ಳಿಯವನು ಇಳಿದು ಉಬ್ಬನ್ನು ಸುತ್ತುಹಾಕಿ ನೋಡಿ, ತನ್ನ ಕಾರಿಗೆ ಇಂದು ಮೈ ಸರಿಯಿಲ್ಲವೆನ್ನುವವನಂತೆ ಸುಮ್ಮನೆ ನಿಂತ. ನನಗೆ ಮೊದಲೇ ಅನುಭವವಿತ್ತು.

“ಗೌಡ್ರ, ನೀವ ಹಾಕಿಸಿದ್ದು, ನೀವ ತಗಸ್ರಿ. ಎರಡ ಪೆಟ್ಟ ಹಾಕಿದ್ರ ಆತು,” ಎಂದು ಕಟ್ಟೆಯ ಮೇಲಿನಿಂದ ಸಲಹೆ ಬಂದಿತು.

“ಆಕಿ ಬಿಡಬೇಕಲ್ಲೋ,” ಎಂದರು ಚನ್ನಬಸಪ್ಪ.

ಆಕೆಯೆಂದರೆ ಗಂಗವ್ವನವರು, ಚನ್ನಬಸಪ್ಪನವರ ಪತ್ನಿ. ಗದ್ದಲವೇನೆಂದು ನೋಡಲು ಅವರು ಆಗಲೇ ಕೋಲೂರಿಕೊಂಡು ಮನೆಯಿಂದ ಹೊರಬಂದಿದ್ದರು. ನಿಧಾನವಾಗಿ, ಒಂದು ಕಾಲನ್ನು ಮಡಚದೆ ಎಳೆದುಕೊಂಡು, ಉಬ್ಬಿನ ಅಂಚಿನಲ್ಲಿ ನಡೆದು ಈಚೆಗೆ ದಾಟಿದರು. “ಯಾರದು ಹಂಪ್ಸ್ ಒಡೀತೇನಿ ಅನ್ನೋರು?” ಎಂದು ಕೇಳಿದರು. “ರೇಣುಕಾನ ಕಾಲ ಮುರಕೊಂಡದ್ದು ಮರತ್ರೇನ? ಟ್ರ್ಯಾಕ್ಟರ್‌ನವರು ಮತ್ತ ಹಂಗ ಹಾರಿಸ್ಕೊಂಡ ಹೋಗಲೇನ? ಆ ಹುಡುಗಿ ಇನ್ನೂ ಕುಂಟತಾಳ. ನಾನೂ ಕುಂಟತೇನಿ. ನನಗ ವಯಸ್ಸಾಗೇತಿ, ಆಕಿಗೇನಾಗೇತಿ?”

ಇಲ್ಲಿ ಒಂದು ವಿವರ ಹೇಳಬೇಕು. ರೇಣುಕಾ ಉಬ್ಬಿನ ಈಚೆಗಿರುವ ಮೊದಲನೆಯ ಮನೆಯ ಹುಡುಗಿ; ರುದ್ರಪ್ಪನವರ ಮಗಳು. ಶಾಲೆಗೆ ಹೋಗುವಾಗ ಅವಳ ಸೈಕಲಿಗೆ ಯಾರದೋ ಟ್ರ್ಯಾಕ್ಟರ್ ಬಡಿದಿತ್ತು. ರುದ್ರಪ್ಪನವರು ಚನ್ನಬಸಪ್ಪನವರಿಗೆ ದಾಯಾದಿ. ಹೊಲದ ಬದುವಿನ ಜಗಳದಿಂದ ಇಬ್ಬರೂ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಮಾತು ಬಿಟ್ಟವರ ಮಗಳಿಗಾಗಿ ಗಂಡನಿಂದ ಉಬ್ಬು ಹಾಕಿಸಿದವರು ಗಂಗವ್ವನವರೇ.

ಇಷ್ಟು ಹೇಳಿ ಅವರಿಗೆ ದಣಿವಾಯಿತು. ಹತ್ತಿರವಿದ್ದದ್ದು ಹಾವೇರಿಯ ಕಾರು. ಅದರ ಬಾಗಿಲು ತೆರೆದು ಮುಂದಿನ ಸೀಟಿನಲ್ಲಿ ಕುಳಿತರು. ಯಾರೂ ಕುಳಿತುಕೊಳ್ಳಿರೆಂದಿರಲಿಲ್ಲ. ಕುಳಿತದ್ದೇನೋ ಸರಿ, ಏಳಲಾಗಲಿಲ್ಲ. ತರುಣರು ಇಷ್ಟಪಡಲೆಂದು ಆ ಸೀಟನ್ನು ಹೊಂಡದಂತೆ ತಗ್ಗಾಗಿ ಮಾಡಿದ್ದರು. ಹಾವೇರಿಯವನು ಕೈ ಕೊಡಲು ಧಾವಿಸಿದ. “ಮುಟ್ಟಬ್ಯಾಡೋ ತಮ್ಮಾ,” ಎಂದು ಅವರು ಕೋಲನ್ನೇ ಹಿಡಿದು ಹೆಣಗಾಡಿ ಎದ್ದರು. ಹುಬ್ಬಳ್ಳಿಯ ಕಾರಿನ ಬಾಗಿಲಿನ ಹೊಸ್ತಿಲು ಎತ್ತರ. ಮಡಚದ ಕಾಲು ಅದನ್ನು ದಾಟಲಿಲ್ಲ. ಆಮೇಲೆ ನಮ್ಮ ಕಾರು.

ನಾನು ತಂದದ್ದು ದೇಶಮುಖ ಸಾಹೇಬರ ಅಪ್ಪಣೆಯಂತೆ ಎಲ್ಲಕ್ಕಿಂತ ಮೇಲಿನ ಮಾದರಿ. ಗಂಗವ್ವನವರು ಮೊದಲು ಅಡ್ಡವಾಗಿ ಕುಳಿತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತಿರುಗಿಸಿಕೊಂಡರು. ಹೊಸ್ತಿಲು ತಡೆಯಲಿಲ್ಲ. ಆದರೆ ತೊಗಲಿನಂತೆ ಮಿಂಚುವ ಆ ಸೀಟಿನ ಮೇಲೆ ಅವರ ಇಳಕಲ್ ಸೀರೆ ನಿಲ್ಲದೆ ಮುಂದಕ್ಕೆ ಜಾರಿದರು. ಚಾವಣಿಯ ಗಾಜಿನ ಚೌಕಟ್ಟು ತುರುಬಿಗೆ ತಾಕಿತು.

“ಚಲೋ ಐತಿ. ಆದ್ರ ಜಾರತೈತಿ. ತೆಲಿಗಿ ಬಡೀತೈತಿ,” ಎಂದರು.

“ಅಕ್ಕಾರ, ಇದರಾಗ ಸಾದಾದು ಐತಿ. ಅರಿವಿ ಸೀಟು. ಮ್ಯಾಲ ಗಾಜ ಇಲ್ಲ,” ಎಂದುಬಿಟ್ಟೆ. ಆತುರದಲ್ಲಿ ನನ್ನ ಶಿಷ್ಟ ಭಾಷೆ ಕೈಕೊಟ್ಟಿತ್ತು. ಕೆಳಗಿನ ಮಾದರಿಯ ಹೆಸರನ್ನು ಗಿರಾಕಿಯ ಮುಂದೆ ಎತ್ತುವುದೇ ಅಪರಾಧವೆಂಬುದೂ ಮರೆತಿತ್ತು.

“ಅದನ್ನ ತರ್ರಿ ಮತ್ತ.”

“ಹಂಪ್ಸ್ ದಾಟಂಗಿಲ್ಲಲ್ಲಬೇ,” ಎಂದರು ಚನ್ನಬಸಪ್ಪ.

“ಅದ್ಯಾಕ ದಾಟಬೇಕರಿ? ನಾ ದಾಟಿ ಬಂದೆನೆಲ್ಲ. ಗಾಡಿ ಇಲ್ಲೇ ನಿಂದರ್ಲಿ.”

ಮೂರು ಮಳಿಗೆಗಳವರು, ಪಂಚಾಯ್ತಿಯ ಮಾಜಿ ಸದಸ್ಯರು, ಕಟ್ಟೆಯ ತಜ್ಞರು, ಯಾರಿಗೂ ಇದು ಹೊಳೆದಿರಲಿಲ್ಲ. ಹೊಳೆಯದಿದ್ದುದಕ್ಕೆ ಕಾರಣವಿತ್ತು. ನಮ್ಮ ಕಡೆ ಕಾರು ಓಡಿಸಲು ಮಾತ್ರ ಕೊಳ್ಳುವುದಲ್ಲ. ಬಾಗಿಲಿನಲ್ಲಿ ನಿಲ್ಲಿಸಲು ಕೊಳ್ಳುವುದು. ಸ್ವಂತ ಬಾಗಿಲಿನಲ್ಲಿ ನಿಲ್ಲದ ಕಾರು ಸ್ವಂತದ್ದೆಂದು ಊರು ಒಪ್ಪುವುದಿಲ್ಲ.

“ಇಲ್ಲೇ?” ಚನ್ನಬಸಪ್ಪನವರು ರುದ್ರಪ್ಪನವರ ಬಾಗಿಲ ಕಡೆ ಕೈ ಮಾಡಿ ದನಿ ಏರಿಸಿದರು. “ಇವನ ಬಾಗಲದಾಗ ನನ್ನ ಗಾಡಿ? ಮಂದಿ ಇವಂದ ಗಾಡಿ ಅಂತಾರ.”

“ಅನ್ನವಲ್ಲರ್ಯಾಕ. ನಾ ಸವಣೂರಿಗೆ ಹೋಗಬೇಕ,” ಎಂದರು ಗಂಗವ್ವ.

ರುದ್ರಪ್ಪನವರು ಅಷ್ಟು ಹೊತ್ತೂ ತಮ್ಮ ಬಾಗಿಲಿನಲ್ಲಿಯೇ ನಿಂತಿದ್ದರು. ಈಗ ಮುಂದೆ ಬಂದು, ತಮ್ಮ ದಾಯಾದಿಗೆ ಬೆನ್ನು ಕೊಟ್ಟು, ನನ್ನನ್ನು ಕುರಿತು, “ಅವರಿಗೆ ಹೇಳ್ರಿ ಸಾಹೇಬ್ರ, ನಮ್ಮ ಟ್ರ್ಯಾಕ್ಟರ್ ಆ ಕಡೆ ಹಾಕ್ತೇನಿ. ನೆಳ್ಳೈತಿ. ಗಾಡಿ ನಿಲ್ಲಸ್ಲಿ,” ಎಂದರು.

ಚನ್ನಬಸಪ್ಪನವರೂ ನನ್ನನ್ನೇ ನೋಡುತ್ತ, “ಕೋಳಿ ಮ್ಯಾಲ ಹತ್ತಿ ಹೊಲಸ ಮಾಡಬಾರದು ಅಂತ ಹೇಳ್ರಿ,” ಎಂದರು.

“ಕೋಳಿಗೆ ನಾ ಹೇಳ್ತೇನಿ ಅಂತ ಹೇಳ್ರಿ.”

ಒಬ್ಬರಿಗೊಬ್ಬರು ಕೈಯಳತೆಯಲ್ಲಿ ನಿಂತಿದ್ದ ಇಬ್ಬರ ನಡುವೆ ನಾನು ಪ್ರತಿ ವಾಕ್ಯವನ್ನೂ ಶುದ್ಧವಾಗಿ, ವ್ಯಾಕರಣಬದ್ಧವಾಗಿ ದಾಟಿಸಿದೆ. ನನ್ನ ಪದವಿಯು ಇಡೀ ವೃತ್ತಿಜೀವನದಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಇದೊಂದೇ ಸಂದರ್ಭದಲ್ಲಿ.

ಕೆಳಗಿನ ಮಾದರಿ ಮಾರಿದ್ದಕ್ಕೆ ದೇಶಮುಖ ಸಾಹೇಬರು ವಿಷಾದ ವ್ಯಕ್ತಪಡಿಸಿದರು. ಗಿರಾಕಿಯ ಕನಸನ್ನು ನಾನು ಸಣ್ಣದು ಮಾಡಿದೆನಂತೆ.

ಕಾರನ್ನು ಒಪ್ಪಿಸುವ ದಿನ ರುದ್ರಪ್ಪನವರ ಬಾಗಿಲಿನಲ್ಲಿಯೇ ಪೂಜೆಯಾಯಿತು. ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟವರು ಚನ್ನಬಸಪ್ಪ. ನಿಂಬೆಹಣ್ಣು ತಂದುಕೊಟ್ಟವಳು ರೇಣುಕಾ. ಚನ್ನಬಸಪ್ಪನವರಿಗೆ ಹೊಸ ಕಾರಿನ ಅಂಜಿಕೆಯಿದ್ದುದರಿಂದ ಸವಣೂರಿನವರೆಗೆ ನಾನೇ ಓಡಿಸಿದೆ. ಗಂಗವ್ವನವರು ದಾರಿಯುದ್ದಕ್ಕೂ ಬಾಗಿಲಿನ ಹಿಡಿಯ ಮೇಲೆಯೇ ಕೈಯಿಟ್ಟುಕೊಂಡಿದ್ದರು. ಹೊರಗೆ ಬೀಳುವ ಅಂಜಿಕೆಯಿಂದಲ್ಲ, ತಮ್ಮನ್ನು ಬೇರೆ ಯಾರಾದರೂ ಇಳಿಸಿಯಾರೆಂಬ ಅಂಜಿಕೆಯಿಂದ.

ತಂಗಿಯವರು ಪಡಸಾಲೆಯ ಬಾಗಿಲಲ್ಲಿ ಹೊರಸಿನ ಮೇಲೆ ದಿಂಬಿಗೆ ಒರಗಿ ಕುಳಿತಿದ್ದರು. ಕಾರು ನಿಂತಿತು. ನಾನು ರೂಢಿಯಂತೆ ಬಾಗಿಲು ತೆರೆಯಲು ಓಡಿಹೋದೆ. “ನೀ ಸರೀಯಪ್ಪಾ,” ಎಂದರು. ಎರಡೂ ಕಾಲುಗಳನ್ನು ಒಟ್ಟಿಗೆ ಹೊರಗೆ ತಿರುಗಿಸಿ, ಬಾಗಿಲಿನ ಚೌಕಟ್ಟು ಹಿಡಿದು, ಸ್ವಲ್ಪ ಹೊತ್ತು ಹಾಗೇ ಕುಳಿತು, ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. ನಡೆದು ಹೋಗಿ ಹೊರಸಿನ ಮೇಲೆ ಕುಳಿತು, “ನಾನ ಇಳದೆ, ನೋಡಿದೆಲ್ಲ?” ಎಂದರು. ತಂಗಿ ಸ್ವಾಧೀನವಿದ್ದ ಕೈಯಿಂದ ಅಕ್ಕನ ಮೊಣಕಾಲನ್ನು ಮುಟ್ಟಿ ನೋಡಿದರು.

ಸರಿಯಾಗಿ ಆ ಗಳಿಗೆಗೆ, ಜೊತೆಗೆ ಬಂದಿದ್ದ ಚನ್ನಬಸಪ್ಪನವರಿಗೆ ಕಂಪನಿಯಿಂದ ಫೋನ್ ಬಂದಿತು. ಕಾರು ಒಪ್ಪಿಸಿದ ದಿನವೇ ಗಿರಾಕಿಯ ಆನಂದವನ್ನು ಅಳೆದುಕೊಳ್ಳುವುದು ಹೊಸ ಪದ್ಧತಿ. ಚನ್ನಬಸಪ್ಪನವರು ತಮಗೆ ಬೇಡವೆಂದು ಫೋನನ್ನು ಹೆಂಡತಿಯ ಕೈಗೆ ಕೊಟ್ಟರು. ಆ ಕಡೆಯ ಹುಡುಗಿಯ ದನಿ ನಮಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು.

“ಮೇಡಂ, ನಮ್ಮ ಕಾರಿನಲ್ಲಿ ನಿಮಗೆ ತುಂಬಾ ಇಷ್ಟವಾದ ಫೀಚರ್ ಯಾವುದು? ಟಚ್ ಸ್ಕ್ರೀನ್, ಮೈಲೇಜ್, ಬೂಟ್ ಸ್ಪೇಸ್...”

“ಇಳ್ಯಾಕ ಬರತೈತಿ,” ಎಂದರು ಗಂಗವ್ವ.

“ಏನ್ ಮೇಡಂ?”

“ಇಳ್ಯಾಕ ಬರತೈತಿ ಅಂದೆ. ಯಾರ ಕೈನೂ ಬೇಕಾಗಂಗಿಲ್ಲ.”

ಆ ಕಡೆ ಕೀಲಿಮಣೆ ಒತ್ತುವ ಸದ್ದು ಕೇಳಿತು. “ಆ ಆಪ್ಷನ್ ಇಲ್ಲ ಮೇಡಂ. ‘ಇತರೆ’ ಅಂತ ಹಾಕಲಾ?”

“ಏನರ ಹಾಕ್ಕೋವಾ. ನಾ ತಂಗಿ ಮನಿಗೆ ಬಂದೇನಿ,” ಎಂದು ಗಂಗವ್ವನವರು ಫೋನನ್ನು ಹೊರಸಿನ ಮೇಲೆ ಇಟ್ಟರು. ಆಫ್ ಮಾಡಲು ಅವರಿಗೆ ತೋಚಲಿಲ್ಲ. ತಂಗಿಯ ಕೈ ಹಿಡಿದು ಮಾತಿಗೆ ತೊಡಗಿಬಿಟ್ಟಿದ್ದರು. ಆ ಹುಡುಗಿ ಬಹಳ ಹೊತ್ತು ಲೈನಿನಲ್ಲಿಯೇ ಇದ್ದಳು. ಒಬ್ಬರ ಮಾತು, ಇನ್ನೊಬ್ಬರ ಉಸಿರು ಅವಳಿಗೆ ಕೇಳಿಸಿರಬೇಕು. ಅದನ್ನು ಯಾವ ಸಾಲಿನಲ್ಲಿ ತುಂಬಿಕೊಂಡಳೋ ನನಗೆ ತಿಳಿಯದು.